ಲೆಕ್ಕ ಕೇಳಲು ಕಾಸರಗೋಡಿಗೆ

ಶುಕ್ರವಾರ

ಆಡಿಟ್‌ನವರು ಮೂರು ದಿನ ಊರಲ್ಲಿ ಇರುವುದಿಲ್ಲ ಎಂದು ಗೊತ್ತಾದರೆ ನಮ್ಮ ಆಫೀಸಿನಲ್ಲಿ ಕಾಫಿಗೆ ರುಚಿ ಹೆಚ್ಚುತ್ತದೆ. ಗುರುವಾರ ಸಂಜೆ ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಾಗ ಸ್ಟೋರ್ಸ್‌ನವರು ಲಿಫ್ಟಿನ ತನಕ ಬಂದು ಕಳಿಸಿಕೊಟ್ಟರು. "ನಿಧಾನವಾಗಿ ಬನ್ನಿ ಸಾರ್, ಅವಸರ ಏನಿಲ್ಲ" ಎಂದರು.

ನನ್ನ ಊರು ದಾವಣಗೆರೆ. ಕೆಲಸ ಬೆಂಗಳೂರಿನಲ್ಲಿ, ರಾಜ್ಯ ಸರ್ಕಾರದ ಒಂದು ನಿಗಮದ ಇಂಟರ್ನಲ್ ಆಡಿಟ್ ವಿಭಾಗದಲ್ಲಿ. ಸರ್ಕಾರಗಳ ಲೆಕ್ಕ ತಪಾಸಣೆ ಮಾಡುವ ಸಿಎಜಿ ಅಂದರೆ ಜನಕ್ಕೆ ಗೊತ್ತು, ಪೇಪರಿನಲ್ಲಿ ಬರುತ್ತದೆ. ನಾವು ಅವರಲ್ಲ. ಅವರು ವರ್ಷಕ್ಕೊಮ್ಮೆ ಬರುವ ನೆಂಟರು, ನಾವು ಮನೆಯಲ್ಲೇ ಇರುವ ಅತ್ತೆ. ನಮ್ಮ ಗಾತ್ರದ ಕಂಪನಿಗಳಲ್ಲಿ ಇಂಟರ್ನಲ್ ಆಡಿಟರ್ ಇರಲೇಬೇಕು ಎಂದು 2013ರ ಕಂಪನಿ ಕಾಯ್ದೆಯ 138ನೇ ಸೆಕ್ಷನ್ ಹೇಳುತ್ತದೆ. ಯಾರ ತಪ್ಪು ಬರೆಯುತ್ತೇವೋ ಅವರ ಪಕ್ಕದಲ್ಲೇ ಕ್ಯಾಂಟೀನ್ ಊಟ. ನಮ್ಮ ಸಂಬಳದ ಬಿಲ್ಲು ಪಾಸಾಗುವುದೂ ಅವರ ಟೇಬಲ್ಲಿನಿಂದಲೇ.

ಸರ್ಕಾರಿ ಕಂಪನಿ, ಬ್ಯಾಂಕು, ಮಂಡಳಿಗಳ ಇಂಟರ್ನಲ್ ಆಡಿಟರ್‌ಗಳಿಗೆ ಕಾಸರಗೋಡು ಜಿಲ್ಲೆಯ ಬೇಕಲದ ಹತ್ತಿರ ಒಂದೂವರೆ ದಿನದ ತರಬೇತಿ ಸಮ್ಮೇಳನ. ಶನಿವಾರ ಪೂರ್ತಿ, ಭಾನುವಾರ ಮಧ್ಯಾಹ್ನದ ತನಕ. ವಾರದ ಕೊನೆಗೆ ಇಟ್ಟರೆ ಹಾಳಾಗುವುದು ನಮ್ಮ ರಜೆ, ಆಫೀಸಿನ ಕೆಲಸ ಅಲ್ಲ. ಅದಕ್ಕೇ ಮಂಜೂರಾತಿ ಬೇಗ ಸಿಕ್ಕಿತು. ಆದರೂ ಬರೀ ತರಬೇತಿಗೆ ಪ್ರಯಾಣ ಭತ್ಯೆ ಕೊಡುವುದು ಮೇಲಿನವರಿಗೆ ಭಾರವಾಯಿತೇನೋ, "ಹಾಗೇ ಮಂಗಳೂರು ಗೋಡೌನ್ ಸ್ಟಾಕ್ ನೋಡಿಕೊಂಡು ಹೋಗಿ" ಎಂದು ಟಿಪ್ಪಣಿ ಬರೆದರು.

ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಬೆಳಿಗ್ಗೆ ಮಂಗಳೂರು. ನಮ್ಮ ವಿಭಾಗದ ಮೇಡಂ ಒಬ್ಬರು ಜೊತೆಗಿದ್ದರು. ಅವರ ತವರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಗೋಡೌನಿನಲ್ಲಿ ಟಾರ್ಪಾಲು ಎಣಿಸಿದೆವು. ರಿಜಿಸ್ಟರಿನಲ್ಲಿ ಇರುವುದಕ್ಕಿಂತ ಹನ್ನೊಂದು ಕಡಿಮೆ. ಸ್ಟೋರ್‌ಕೀಪರ್ ಏನೋ ಹೇಳಲು ಬಾಯಿ ತೆರೆದರು. ನನಗೆ ಬಸ್ಸಿನ ಚಿಂತೆ. "ಎಲ್ಲಾ ರೈಟಿಂಗಲ್ಲಿ ಕೊಡಿ, ಹದಿನೈದು ದಿನ ಟೈಮ್ ಇದೆ" ಎಂದು ಮೆಮೊ ಕೊಟ್ಟು ಹೊರಟೆ. ಕಾರಣದ ಜಾಗದಲ್ಲಿ "ಸಿಬ್ಬಂದಿಯ ನಿರ್ಲಕ್ಷ್ಯ" ಎಂದು ಆಗಲೇ ಬರೆದಾಗಿತ್ತು. ಅದು ನಮ್ಮ ಕೈಗೆ ಅಂಟಿಕೊಂಡ ಸಾಲು.

ಸಂಜೆ ಕಾಸರಗೋಡಿನ ಬಸ್ಸು. ಈ ದಾರಿಯಲ್ಲಿ ಎರಡು ರಾಜ್ಯದ ಸರ್ಕಾರಿ ಬಸ್ಸುಗಳೂ ಓಡುತ್ತವೆ, ಎರಡರ ಹೆಸರೂ ಕೆಎಸ್‌ಆರ್‌ಟಿಸಿ. "ಯಾವ ಕೆಎಸ್‌ಆರ್‌ಟಿಸಿ?" ಎಂದು ನಾನು ಕೇಳಿದರೆ ಮೇಡಂ ನಕ್ಕರು. "ಮೊದಲು ಬಂದದ್ದು ಸರ್."

ಗಡಿಯ ತಲಪಾಡಿ ದಾಟಿದ್ದು ಗೊತ್ತೇ ಆಗಲಿಲ್ಲ. ಅಂಗಡಿ ಬೋರ್ಡುಗಳಲ್ಲಿ ಮಲಯಾಳ ಮೇಲೆ ಬಂತು, ಕನ್ನಡ ಕೆಳಗಿಳಿಯಿತು, ಅಷ್ಟೇ. ಮಂಜೇಶ್ವರ ಬಂದಾಗ ಮೇಡಂ ಕಿಟಕಿಯ ಕಡೆ ಕೈ ತೋರಿಸಿ "ಗೋವಿಂದ ಪೈಗಳ ಊರು" ಎಂದರು. ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. 1963ರಲ್ಲಿ ಅವರು ತೀರಿಕೊಳ್ಳುವಾಗ ಊರು ಕೇರಳಕ್ಕೆ ಸೇರಿತ್ತು. ಬರೆದದ್ದು ಮಾತ್ರ ಕನ್ನಡದಲ್ಲಿ. ದಾವಣಗೆರೆಯವನಿಗೆ ಇದೆಲ್ಲ ಸ್ವಲ್ಪ ವಿಚಿತ್ರ. ನಮ್ಮ ಊರಿನ ಮೇಲೆ ಯಾರೂ ಗೆರೆ ಎಳೆದಿಲ್ಲ.

ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲು. ಹಿಂದಿನ ಸೀಟಿನ ಅಜ್ಜಿ ಫೋನಿನಲ್ಲಿ ತುಳು, ಕಂಡಕ್ಟರ್ ಮಲಯಾಳ, ಬಾಗಿಲ ಹತ್ತಿರದ ಕಾಲೇಜು ಹುಡುಗಿಯರು ಕನ್ನಡ, ನಡುನಡುವೆ ಬ್ಯಾರಿ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಭಾಷಣದ ಮಾತು ಅಂದುಕೊಂಡಿದ್ದೆ. ಒಂದೂವರೆ ಗಂಟೆಯ ಬಸ್ಸಿನಲ್ಲಿ ನಾನೇ ನಾಲ್ಕು ಎಣಿಸಿದೆ, ವೆರಿಫೈಡ್.

ಶನಿವಾರ

ಹೋಟೆಲ್ಲಿನ ಸಭಾಂಗಣ ತಣ್ಣಗೆ ಕೊರೆಯುತ್ತಿತ್ತು. ಕೊರಳಿಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪು. ಸುಮ್ನೆ ಇದ್ದೆ. ತಪ್ಪು ಹುಡುಕುವ ಕೆಲಸಕ್ಕೆ ಆ ಎರಡು ದಿನ ರಜೆ ಕೊಟ್ಟಿದ್ದೆ.

ಉದ್ಘಾಟನಾ ಭಾಷಣ ಶುರುವಾಗಿ ಐದು ನಿಮಿಷಕ್ಕೆ ಕೌಟಿಲ್ಯನ ಮೀನು ಬಂತು. ನೀರಿನಲ್ಲಿ ಓಡಾಡುವ ಮೀನು ಯಾವಾಗ ನೀರು ಕುಡಿಯಿತು ಎಂದು ತಿಳಿಯುವುದು ಹೇಗೆ ಕಷ್ಟವೋ, ಅಧಿಕಾರಿ ಯಾವಾಗ ಹಣ ತಿಂದ ಎಂದು ತಿಳಿಯುವುದೂ ಹಾಗೇ. ನಾನು ಹೋದ ಯಾವ ಆಡಿಟ್ ಸಮ್ಮೇಳನವೂ ಈ ಮೀನು ಇಲ್ಲದೆ ಮುಗಿದಿಲ್ಲ. ಆದರೆ ಒಂದು ಸಂಗತಿ ಯಾರೂ ಹೇಳುವುದಿಲ್ಲ. ಆ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, 1905ರಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಗೆ. 1909ರಲ್ಲಿ ಅಚ್ಚು ಹಾಕಿಸಿದ್ದೂ ಅವರೇ. ಲೆಕ್ಕದಲ್ಲಿ ನುಂಗುವ ನಲವತ್ತು ದಾರಿಗಳ ಪಟ್ಟಿ ಅದರಲ್ಲಿದೆ. ನನ್ನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಒಂದು ಹದಿನೈದನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲಿನ ಅವಧಿ ಹೊಸ ಜಾಗತಿಕ ಮಾನದಂಡಗಳ ಬಗ್ಗೆ. 1941ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಇಂಟರ್ನಲ್ ಆಡಿಟರ್‌ಗಳ ಸಂಸ್ಥೆ ಇವನ್ನು ಹೊರತಂದಿದೆ. ಜಾರಿಗೆ ಬಂದದ್ದು 2025ರ ಜನವರಿ 9ರಿಂದ. ಐದು ಭಾಗ, 15 ತತ್ವ, 52 ಮಾನದಂಡ. ಸರ್ಕಾರಿ ವಲಯಕ್ಕೆ ಹೇಗೆ ಅನ್ವಯಿಸಬೇಕು ಎಂಬುದಕ್ಕೆ ಬೇರೆಯೇ ಟಿಪ್ಪಣಿ ಇದೆ. ಯಾಕೆಂದರೆ ನಮ್ಮಲ್ಲಿ ಆಡಿಟ್ ಮುಖ್ಯಸ್ಥ ಯಾರಿಗೆ ವರದಿ ಕೊಡಬೇಕು, ಬಜೆಟ್ ಯಾರು ಕೊಡುತ್ತಾರೆ ಎಂಬುದನ್ನು ಎಷ್ಟೋ ಸಲ ಕಾನೂನೇ ಗಟ್ಟಿ ಮಾಡಿಟ್ಟಿರುತ್ತದೆ, ಬೋರ್ಡಿನ ಕೈಯಲ್ಲಿ ಇರುವುದಿಲ್ಲ. ಮುಖ್ಯ ವಿಷಯವೇ. ಆದರೆ 52 ಮಾನದಂಡವನ್ನು 52 ಸ್ಲೈಡಿನಲ್ಲಿ ತೋರಿಸಿದರೆ ಯಾರು ತಾನೇ ಎಚ್ಚರ ಇರುತ್ತಾರೆ? ನನ್ನ ಪಕ್ಕದ ಬ್ಯಾಂಕಿನವರು 17ನೇ ಮಾನದಂಡಕ್ಕೇ ತೂಕಡಿಸಿದರು.

ಎಲ್ಲರನ್ನೂ ಎಬ್ಬಿಸಿದ್ದು ಬೆನ್‌ಫರ್ಡ್ ನಿಯಮದ ಅಭ್ಯಾಸ. ಇದನ್ನು ಸ್ವಲ್ಪ ಹೇಳಲೇಬೇಕು. ಒಂದು ವರ್ಷದ ಬಿಲ್ಲುಗಳನ್ನೆಲ್ಲ ತೆಗೆದುಕೊಳ್ಳಿ. ಮೊತ್ತದ ಮೊದಲ ಅಂಕಿ ಮಾತ್ರ ನೋಡಿ. ಒಂದರಿಂದ ಒಂಬತ್ತರ ತನಕ ಎಲ್ಲ ಅಂಕಿಗಳೂ ಸಮವಾಗಿ ಬರಬೇಕು ಅನಿಸುತ್ತದೆ, ಅಲ್ವಾ? ಬರುವುದಿಲ್ಲ. 1 ರಿಂದ ಶುರುವಾಗುವ ಮೊತ್ತಗಳು ಶೇ. 30ರಷ್ಟು, 9 ರಿಂದ ಶುರುವಾಗುವುವು ಶೇ. 5ಕ್ಕೂ ಕಡಿಮೆ. 1881ರಲ್ಲಿ ಸೈಮನ್ ನ್ಯೂಕೊಂಬ್ ಎಂಬ ಖಗೋಳ ವಿಜ್ಞಾನಿ ಲಾಗರಿದಮ್ ಪುಸ್ತಕದಲ್ಲಿ 1 ರಿಂದ ಶುರುವಾಗುವ ಸಂಖ್ಯೆಗಳಿರುವ ಮೊದಲ ಹಾಳೆಗಳು ಮಾತ್ರ ಜಾಸ್ತಿ ಕೊಳೆಯಾಗಿದ್ದನ್ನು ನೋಡಿ ಇದನ್ನು ಹಿಡಿದ. ಬೆನ್‌ಫರ್ಡ್ 1938ರಲ್ಲಿ ರಾಶಿ ರಾಶಿ ಅಂಕಿ ಸೇರಿಸಿ ತೋರಿಸಿಕೊಟ್ಟ. ಹೆಸರು ಮಾತ್ರ ಎರಡನೆಯವನಿಗೆ. ಆಫೀಸುಗಳಲ್ಲೂ ಹಾಗೇ ತಾನೇ.

ನಮಗೆ ಕೊಟ್ಟ ಪಟ್ಟಿಯಲ್ಲಿ ನಾಲ್ಕು ಎಂಬ ಅಂಕಿ ಗೂನಿನ ಹಾಗೆ ಎದ್ದು ನಿಂತಿತ್ತು. ಶೇ. 10ರ ಒಳಗೆ ಇರಬೇಕಾದದ್ದು ಶೇ. 20 ದಾಟಿತ್ತು. ಆ ಪಟ್ಟಿಯ ಆಫೀಸಿನಲ್ಲಿ ಕೆಳಗಿನ ಅಧಿಕಾರಿಯ ಮಂಜೂರಾತಿ ಮಿತಿ 50,000 ರೂಪಾಯಿ ಅಂತಿಟ್ಟುಕೊಂಡಿದ್ದರು. ಅಲ್ಲಿಗೆ ಗುಟ್ಟು ಬಯಲು. 49,200, 48,750, 49,900. ಮೇಲಿನವರ ಮಂಜೂರಾತಿ ತಪ್ಪಿಸಲು ಎರಡು ಲಕ್ಷದ ಖರೀದಿಯನ್ನು ಬದನೆಕಾಯಿ ಹೆಚ್ಚಿದ ಹಾಗೆ ಹೆಚ್ಚಿದ್ದಾರೆ. ಹೇಳಿಕೊಟ್ಟವರು ಒಂದು ಎಚ್ಚರಿಕೆಯನ್ನೂ ಸೇರಿಸಿದರು. ಸಂಬಳ, ಬಸ್ ದರ, ನಿಗದಿ ಶುಲ್ಕ ಇಂಥವಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಂಕಿ ಬೆರಳು ತೋರಿಸುತ್ತದೆ, ಅಷ್ಟೇ. ಹೋಗಿ ಕೇಳಬೇಕಾದವರು ನಾವು.

ಊಟದ ಹೊತ್ತಿಗೆ ಒಂದು ಪ್ರಸಂಗ ನಡೆಯಿತು. ಬಂದವರು 96 ಮಂದಿ. ಕೂಪನ್ನೂ 96. ಅಡುಗೆಯವರು ಎಣಿಸಿದ ತಟ್ಟೆ 109. ಹದಿಮೂರು ತಟ್ಟೆಯ ದುಡ್ಡು ಯಾರು ಕೊಡಬೇಕು? ಬೇರೆ ಯಾವ ಸಮ್ಮೇಳನದಲ್ಲಾದರೂ ಇದು ಎರಡು ನಿಮಿಷದ ಮಾತು. ಇಲ್ಲಿ ಇದ್ದವರೆಲ್ಲ ಆಡಿಟರ್‌ಗಳು. ಒಬ್ಬರು ಕೂಪನ್ ಕಟ್ಟಿನ ಕ್ರಮಸಂಖ್ಯೆ ನೋಡಿದರು. ಒಬ್ಬರು ಡ್ರೈವರ್‌ಗಳನ್ನು ಅನುಮಾನಿಸಿದರು. ಇನ್ನೊಬ್ಬರು ಎಣಿಸುವ ಕೆಲಸ ಮತ್ತು ಬಿಲ್ ಹಾಕುವ ಕೆಲಸ ಒಬ್ಬನ ಕೈಯಲ್ಲೇ ಇದ್ದದ್ದೇ ಮೂಲ ದೋಷ ಎಂದು ಕೈ ಎತ್ತಿ ಭಾಷಣ ಶುರು ಮಾಡಿದರು. ಕೊನೆಗೆ ನಮ್ಮ ಮೇಡಂ ಹಿಂದೆ ಹೋಗಿ, ತಟ್ಟೆ ತೊಳೆಯುತ್ತಿದ್ದ ಹುಡುಗನನ್ನು ಮಾತಾಡಿಸಿ ಬಂದರು.

"ಪಾಯಸದ ಲೋಟ ಮುಗಿದಿತ್ತಂತೆ. ಕೆಲವರು ಇನ್ನೊಂದು ತಟ್ಟೆ ತೆಗೊಂಡು ಅದರಲ್ಲೇ ಹಾಕಿಸಿಕೊಂಡರಂತೆ."

ಸಭೆ ಸ್ವಲ್ಪ ಹೊತ್ತು ಗಪ್‌ಚಿಪ್. ಹೇಳಿಬಿಡುತ್ತೇನೆ, ಆ ಹದಿಮೂರರಲ್ಲಿ ಒಂದು ನನ್ನದು. ಅಡೆ ಪ್ರಥಮನ್ ಚೆನ್ನಾಗಿತ್ತು.

ಮಧ್ಯಾಹ್ನದ ಮೇಲೆ ನಿವೃತ್ತ ಅಧಿಕಾರಿಯೊಬ್ಬರ ತರಗತಿ. ಸ್ಲೈಡ್ ಇಲ್ಲ, ಕೈಯಲ್ಲಿ ಸೀಮೆಸುಣ್ಣ. ಆಡಿಟ್ ಎಂಬ ಪದ ಲ್ಯಾಟಿನ್ನಿನ ಕೇಳುವುದು ಎಂಬ ಅರ್ಥದ ಪದದಿಂದ ಬಂದದ್ದು ಎಂದರು. ಓದು ಬಾರದ ಕಾಲದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಒಡೆಯ ಕೂತು ಕೇಳುತ್ತಿದ್ದ. ಆಡಿಯೊ, ಆಡಿಟೋರಿಯಂ ಎಲ್ಲ ಅದರದ್ದೇ ಬಳಗ. "ನಾವು ಮಾತ್ರ ಕಿವಿ ಮುಚ್ಚಿ ಕಣ್ಣು ತೆರೆದೆವು" ಎಂದರು.

ಮೇಡಂ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ಸರ್, ನಮಗೆ ಲ್ಯಾಟಿನ್ ಯಾಕೆ? ಲೆಕ್ಕ ಕೇಳುದು ಅಂತ ನಾವು ಹೇಳುದಿಲ್ವಾ? ಕೇಳು ಅಂದರೆ ಪ್ರಶ್ನೆ ಹಾಕುದೂ ಹೌದು, ಕಿವಿ ಕೊಡುದೂ ಹೌದು."

ನಾನು ಪೆನ್ನು ನಿಲ್ಲಿಸಿದೆ. ಹುಟ್ಟಿದಾಗಿನಿಂದ ಆಡುವ ಮಾತು, ಹೀಗೆ ಯೋಚಿಸಿರಲಿಲ್ಲ.

"ತುಳುವಿನಲ್ಲಿಯೂ ಹಾಗೆಯೇ. ಮಲಯಾಳದಲ್ಲಿ ಬೇರೆ ಬೇರೆ. ಕಿವಿಯಲ್ಲಿ ಕೇಳುದು ಕೇಳ್‌ಕ್ಕುಕ, ಪ್ರಶ್ನೆ ಕೇಳುದು ಚೋದಿಕ್ಕುಕ. ಸಣ್ಣದಿರುವಾಗ ಶಾಲೆಯಲ್ಲಿ ನಾನು ಎರಡನ್ನೂ ತಿರುಗಾಮುರುಗ ಮಾಡಿ ಬೈಸಿಕೊಂಡದ್ದು ಉಂಟು."

ಬಸ್ಸಿನಲ್ಲಿ ನಾಲ್ಕು ಭಾಷೆ ಎಣಿಸಿ ಬೀಗಿದ್ದ ನನಗೆ ಇದು ಹೊಳೆಯಲು ಈ ಊರಿನವರೇ ಬೇಕಾಯಿತು.

ಐದು ಗಂಟೆಗೆ ಬಿಟ್ಟರು. ಬೇಕಲ ಕೋಟೆಗೆ ಓಡಿದೆವು. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆ, ನಲವತ್ತು ಎಕರೆಯಷ್ಟು ದೊಡ್ಡದು. ಮಲೆನಾಡಿನ ದೊರೆ ಇಲ್ಲಿ ತನಕ ಬಂದು ಕಲ್ಲು ಪೇರಿಸಿದನಲ್ಲ ಎಂದು ಆಶ್ಚರ್ಯವಾಗುತ್ತದೆ. ಬಾಗಿಲಲ್ಲೇ ಆಂಜನೇಯ. ಒಳಗೆ ಅರಮನೆಯ ಗುರುತು ಇಲ್ಲ, ಮಹಲಿಲ್ಲ. ಇದು ವಾಸಕ್ಕೆ ಕಟ್ಟಿದ್ದಲ್ಲ, ಕಾವಲಿಗೆ ಕಟ್ಟಿದ್ದು. ಕೆಂಪು ಮುರಕಲ್ಲಿನ ಗೋಡೆ, ಆಚೆ ಸಮುದ್ರ. ನಡುವಿನ ಕಾವಲು ಬುರುಜಿಗೆ ಮೆಟ್ಟಿಲಿಲ್ಲ, ಇಳಿಜಾರು ದಾರಿ. ಮೇಲೆ ನಿಂತರೆ ಕರಾವಳಿಯ ಗೆರೆ ಎರಡೂ ಕಡೆ ಕಣ್ಣು ಹೋಗುವಷ್ಟು ದೂರ ಕಾಣುತ್ತದೆ.

ಗೋಡೆಯ ಕಿಂಡಿಗಳನ್ನು ನೋಡಬೇಕು. ಮೇಲಿನ ಕಿಂಡಿಯಿಂದ ದೂರದ ವೈರಿಗೆ ಗುರಿ, ನಡುವಿನದರಿಂದ ಹತ್ತಿರ ಬಂದವನಿಗೆ, ಕೆಳಗಿನದರಿಂದ ಗೋಡೆಯ ಬುಡಕ್ಕೇ ಬಂದವನಿಗೆ. "ಬೆಳಿಗ್ಗೆ ಸ್ಲೈಡಲ್ಲಿ ತೋರಿಸಿದ್ದು ಇದೇ ಅಲ್ವಾ ಸರ್, ತ್ರೀ ಲೈನ್ಸ್?" ಎಂದರು ಮೇಡಂ. ನಮ್ಮ ಕಸುಬಿನಲ್ಲಿ ಮೂರು ಸಾಲಿನ ಮಾತು ಇದೆ. ಕೆಲಸ ಮಾಡುವವರೇ ಮೊದಲ ಸಾಲು, ಅಪಾಯ ಮತ್ತು ನಿಯಮ ನೋಡುವವರು ಎರಡನೆಯದು, ನಾವು ಮೂರನೆಯದು. ಮೊದಲು ಮೂರು ರಕ್ಷಣಾ ಸಾಲು ಎನ್ನುತ್ತಿದ್ದರು. 2020ರಲ್ಲಿ ತಿದ್ದಿ ರಕ್ಷಣೆ ಎಂಬ ಪದ ಕೈಬಿಟ್ಟರು. ಆಡಿಟ್ ಅಂದರೆ ಬರೀ ಕಿಂಡಿಯಲ್ಲಿ ಬಂದೂಕು ಇಟ್ಟು ಕೂರುವುದಲ್ಲ ಎಂದು ಅವರಿಗೂ ಅನಿಸಿರಬೇಕು. ನಮ್ಮ ಸ್ಟೋರ್ಸ್‌ನವರಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ.

ಕತ್ತಲಾಗುವ ತನಕ ಗೋಡೆಯ ಮೇಲೆ ಕೂತಿದ್ದೆವು. ಕಾವಲುಗಾರ ಸೀಟಿ ಊದಿದ ಮೇಲೆ ಎದ್ದೆವು.

ಭಾನುವಾರ

ಬೆಳಿಗ್ಗೆ ವರದಿ ಬರೆಯುವ ಪಾಠ. ಒಂದು ಆಕ್ಷೇಪಣೆಯಲ್ಲಿ ಐದು ಇರಬೇಕು. ಏನಾಗಿದೆ, ಏನಾಗಬೇಕಿತ್ತು, ಯಾಕೆ ಹೀಗಾಯಿತು, ಇದರಿಂದ ಏನು ನಷ್ಟ, ಮುಂದೇನು ಮಾಡಬೇಕು. ಪಾಠ ಹೇಳಿದವರು ನಿನ್ನೆಯ ಸೀಮೆಸುಣ್ಣದವರೇ. ಎಲ್ಲರೂ ತಮ್ಮ ಒಂದು ಹಳೆಯ ಪ್ಯಾರಾ, ಅಂದರೆ ವರದಿಯಲ್ಲಿ ಬರೆದ ಆಕ್ಷೇಪಣೆ, ನೆನಪಿಸಿಕೊಂಡು ಐದನ್ನೂ ಬರೆಯಿರಿ ಎಂದರು. ಹಾಳೆಗಳನ್ನು ಒಟ್ಟು ಮಾಡಿ ಮೂರನೆಯ ಉತ್ತರ ಮಾತ್ರ ಗಟ್ಟಿಯಾಗಿ ಓದುತ್ತಾ ಹೋದರು. "ಸಿಬ್ಬಂದಿಯ ನಿರ್ಲಕ್ಷ್ಯ. ಸಿಬ್ಬಂದಿಯ ಅಜಾಗರೂಕತೆ. ಮೇಲ್ವಿಚಾರಣೆಯ ಕೊರತೆ. ಸಿಬ್ಬಂದಿಯ ನಿರ್ಲಕ್ಷ್ಯ." ಹತ್ತನೆಯ ಹಾಳೆಗೆ ಎಲ್ಲರೂ ನಗತೊಡಗಿದರು. ನಾನೂ ನಕ್ಕೆ, ಗೋಡೌನಿನ ಮೆಮೊ ನೆನಪಾಗುವ ತನಕ.

"ಇದು ಕಾರಣ ಅಲ್ಲ, ಬೈಗುಳ" ಎಂದರು ಅವರು. "ಇವರೆಲ್ಲ ನಿರ್ಲಕ್ಷ್ಯದವರಾದರೆ ನಿಮ್ಮ ಸಂಸ್ಥೆ ಇಷ್ಟು ದಿನ ನಡೆದದ್ದು ಹೇಗೆ?"

ಪ್ರಮಾಣಪತ್ರ, ಗ್ರೂಪ್ ಫೋಟೊ, ಚಹಾ. ಇವುಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ರಾತ್ರಿ ಬಸ್ಸಿಗೆ ಹೊತ್ತಿತ್ತು. "ಮನೆಗೆ ಬಂದು ಊಟ ಮಾಡಿ ಹೋಗಿ ಸರ್, ಅಪ್ಪ ಹೇಳಿದ್ದಾರೆ" ಎಂದು ಮೇಡಂ ಆಟೊ ಮಾಡಿದರು. ಚೆರ್ಕಳದಿಂದ ಬದಿಯಡ್ಕದ ದಾರಿ. ನಡುವೆ ಎಡನೀರು ಮಠ ಸಿಗುತ್ತದೆ. ಐದು ನಿಮಿಷ ಇಳಿದೆವು. ಕಾನೂನು ಓದಿದವರಿಗೆಲ್ಲ ಗೊತ್ತಿರುವ ಕೇಶವಾನಂದ ಭಾರತಿ ಮೊಕದ್ದಮೆಯ ಸ್ವಾಮಿಗಳು ಇದೇ ಮಠದವರು. ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುವುದನ್ನು ಪ್ರಶ್ನಿಸಿ ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಅಂತರದಲ್ಲಿ ತೀರ್ಪು ಕೊಟ್ಟರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು. ನಾವು ಯಾವ ಆಫೀಸಿಗೆ ಹೋದರೂ ಮೊದಲು ಕೇಳುವ ಕಾಗದ ಅಧಿಕಾರ ಪ್ರತ್ಯಾಯೋಜನೆಯ ಆದೇಶ. ಯಾರಿಗೆ ಎಲ್ಲಿಯ ತನಕ ಅಧಿಕಾರ? ಹಾಗೆ ನೋಡಿದರೆ ಇದು ಸಂಸತ್ತಿನ ಮೇಲೇ ಬಿದ್ದ ಆಡಿಟ್ ಪ್ಯಾರಾ. ಇನ್ನೂ ಡ್ರಾಪ್ ಆಗಿಲ್ಲ.

ಮಠದ ಅಂಗಳ ಶಾಂತವಾಗಿತ್ತು. ಯಾರೋ ಒಳಗೆ ಚೆಂಡೆ ಕಲಿಯುತ್ತಿದ್ದರು, ಅದೇ ನಾಲ್ಕು ಪೆಟ್ಟು ಮತ್ತೆ ಮತ್ತೆ.

ಮೇಡಂ ಮನೆಯ ಅಂಗಳದ ತುಂಬ ಅಡಿಕೆ ಹರಡಿತ್ತು. ಕಾಲಿಡಲು ಒಂದು ಅಡಿ ಅಗಲದ ದಾರಿ ಮಾತ್ರ. ಊಟಕ್ಕೆ ಗುಜ್ಜೆ ಪಲ್ಯ, ಮೇಲಾರ, ಹಲಸಿನ ಹಪ್ಪಳ. ಬೆಣ್ಣೆ ದೋಸೆಯ ಊರಿನವನು ನಾನು, ಎಳೆ ಹಲಸನ್ನು ಹೀಗೆ ತಿನ್ನಬಹುದು ಎಂದು ಗೊತ್ತಿರಲಿಲ್ಲ. ಮೂರು ಸಲ ಹಾಕಿಸಿಕೊಂಡೆ, ಈ ಸಲ ಒಂದೇ ಬಾಳೆಲೆಯಲ್ಲಿ.

ಮೇಡಂ ಅವರ ಅಪ್ಪ ಊರಿನ ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಸೆಕ್ರೆಟರಿ ಆಗಿದ್ದವರು. ಅಂದರೆ ಬದುಕೆಲ್ಲ ಮೇಜಿನ ಆ ಕಡೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ನನ್ನನ್ನು ನೋಡಿದರು.

"ನೀವೂ ಆಡಿಟಾ?"

"ಹೌದು ಸಾರ್."

"ಹೆದರಬೇಡಿ, ನಾನು ರಿಟೈರ್ಡ್" ಎಂದು ನಕ್ಕರು.

ಆಮೇಲೆ ಹೇಳಿದ ಕತೆ ಇದು. ಸಂಘದಲ್ಲಿ ಅಡಿಕೆಯ ಮೇಲೆ ಸಾಲ ಕೊಡುತ್ತಿದ್ದರು. ಬೆಳೆಗಾರರು ಗೋಣಿ ತಂದು ಇಟ್ಟು ದುಡ್ಡು ಒಯ್ಯುವುದು, ರೇಟು ಬಂದಾಗ ಬಿಡಿಸಿಕೊಳ್ಳುವುದು. ಒಂದು ವರ್ಷ ಆಡಿಟಿಗೆ ಬಂದವರು ಗೋಣಿಗಳನ್ನು ತೂಗಿಸಿದರು. ಗೋಣಿಯ ಲೆಕ್ಕ ಸರಿ ಇತ್ತು. ತೂಕ ಮಾತ್ರ ಪುಸ್ತಕಕ್ಕಿಂತ ಕಡಿಮೆ. "ಕೊರತೆ, ಸೆಕ್ರೆಟರಿಯಿಂದ ವಸೂಲಿ" ಎಂದು ಬರೆದು ಹೋದರು.

"ಅಡಿಕೆ ಒಣಗುತ್ತದೆ ಮಾರಾಯ್ರೆ. ಇಡುವಾಗ ಹಸಿ ಸ್ವಲ್ಪ ಇರುತ್ತದೆ, ಬೇಸಿಗೆ ಕಳೆಯುವಾಗ ತೂಕ ಬೀಳುತ್ತದೆ. ಇದು ಇಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತುಂಟು. ನಾನು ಹೇಳಲಿಕ್ಕೆ ಹೋದೆ. ಅವರು ಎಂತ ಹೇಳಿದ್ದು ಗೊತ್ತುಂಟಾ? ರೈಟಿಂಗಲ್ಲಿ ಕೊಡಿ."

ನನ್ನ ಗಂಟಲಲ್ಲಿ ಹಪ್ಪಳ ಸಿಕ್ಕಿಕೊಂಡ ಹಾಗಾಯಿತು. ಮೇಡಂ ಅಂಗಳದ ಕಡೆ ನೋಡುತ್ತಿದ್ದರು.

"ರೈಟಿಂಗಲ್ಲಿ ಕೊಟ್ಟೆ. ಕನ್ನಡದಲ್ಲಿ. ಅಲ್ಲಿಂದ ಮಲಯಾಳದಲ್ಲಿ ಪತ್ರ ಬಂತು. ನನಗೆ ಮಾತು ಬರುತ್ತದೆ, ಸರ್ಕಾರಿ ಮಲಯಾಳ ಓದಲಿಕ್ಕೆ ಕಷ್ಟ. ಶಾಲೆಯ ಮಾಷ್ಟ್ರ ಹತ್ತಿರ ಓದಿಸಿಕೊಂಡೆ. ನಾನು ಮತ್ತೆ ಕನ್ನಡದಲ್ಲಿ ಬರೆದೆ. 1956ರ ತನಕ ಇದು ಸೌತ್ ಕೆನರಾ ಅಲ್ವಾ, ಪುಸ್ತಕಗಳೆಲ್ಲ ಕನ್ನಡದ್ದೇ. ಹೀಗೆ ಕಾಗದ ಹೋಗುದು, ಕಾಗದ ಬರುದು, ಮೂರು ವರ್ಷ."

"ಆಮೇಲೆ?"

"ಆಮೇಲೆ ಒಬ್ಬರು ಬಂದರು, ಪಯ್ಯನ್ನೂರಿನ ಕಡೆಯವರು. ಕನ್ನಡ ಒಂದಕ್ಷರ ಬಾರದವರು. ಫೈಲು ನೋಡಿದರು, ಮುಚ್ಚಿಟ್ಟರು. ಇದೇ ಹಾಗೆ ಜಗಲಿಯಲ್ಲಿ ಕೂತು, ಅಡಿಕೆಗೆ ಎಂತ ಆಗುತ್ತದೆ ಹೇಳಿ ಅಂದರು. ನಾನು ಮಲಯಾಳ, ಕನ್ನಡ ಎಲ್ಲ ಸೇರಿಸಿ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಒಂದು ಗೋಣಿ ತೂಗಿಸಿ, ಚೀಟಿ ಅಂಟಿಸಿ, ಮೊಹರು ಮಾಡಿ ಮೂಲೆಯಲ್ಲಿ ಇಡಿಸಿದರು. ನಾಲ್ಕು ತಿಂಗಳು ಬಿಟ್ಟು ಅವರೇ ಬಂದು ತೂಗಿದರು. ಪ್ಯಾರಾ ಅಲ್ಲಿಗೆ ಮುಗಿಯಿತು. ಇಂತಿಷ್ಟು ಒಣಗುವುದಕ್ಕೆ ಬಿಡಬೇಕು ಅಂತ ಸಂಘಕ್ಕೆ ಒಂದು ನಿಯಮವೂ ಆಯಿತು."

ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಅಗಿದರು.

"ನಿಮ್ಮವರಲ್ಲಿ ಜಾಸ್ತಿ ಜನ ಕೇಳ್ತಾರೆ. ಆದರೆ ಕೇಳುದಿಲ್ಲ."

ಅಪ್ಪ, ಮಗಳು ಇಬ್ಬರೂ ಸೇರಿ ಮೊದಲೇ ಮಾತಾಡಿಕೊಂಡಿದ್ದರೋ ಎಂದು ಅನುಮಾನದಿಂದ ನೋಡಿದೆ. ಮೇಡಂ ಮುಖದಲ್ಲಿ ಏನೂ ಇಲ್ಲ. ಆಡಿಟರ್ ಮುಖ.

ಹೊರಡುವಾಗ ಒಂದು ಪೊಟ್ಟಣ ಹಲಸಿನ ಹಪ್ಪಳ ಕೊಟ್ಟರು. ಆಡಿಟ್‌ಗೆ ಹೋದಲ್ಲಿ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ನಮ್ಮ ನಿಯಮ. "ನಾವು ನಿಮ್ಮ ಆಡಿಟೀ ಅಲ್ಲವಲ್ಲ, ಹಿಡೀರಿ" ಎಂದರು ಅಮ್ಮ. ಹಿಡಿದೆ.

ಸೋಮವಾರ

ಬೆಂಗಳೂರಿಗೆ ಬಸ್ಸು ತಡವಾಗಿ ಬಂತು. ಸೀದಾ ಆಫೀಸಿಗೆ ಹೋದೆ. ಟಿಎ ಬಿಲ್ ಬರೆಯಲು ಕೂತರೆ ಬದಿಯಡ್ಕದ ಆಟೊಗೆ ರಸೀದಿ ಇಲ್ಲ. ಸ್ವಂತ ಖರ್ಚು ಎಂದು ಬಿಟ್ಟೆ. ಅಕೌಂಟ್ಸ್‌ನ ಹುಡುಗಿ ಕನ್ನಡಕ ಸರಿಮಾಡಿಕೊಂಡು, "ಸಾರ್, ಭಾನುವಾರ ಮಧ್ಯಾಹ್ನದ ಊಟದ ಬಿಲ್ಲೂ ಕಾಣ್ತಿಲ್ಲ" ಎಂದಳು. ಅದೊಂದು ದೊಡ್ಡ ಕತೆ ಎಂದೆ.

ಮೇಜಿನ ಮೇಲೆ ಗೋಡೌನ್ ಮೆಮೊದ ಆಫೀಸ್ ಕಾಪಿ ಇತ್ತು. ಹನ್ನೊಂದು ಟಾರ್ಪಾಲು. ಅದರ ಮೇಲೆ ಹಪ್ಪಳದ ಪೊಟ್ಟಣ ಇಟ್ಟು ಮಂಗಳೂರಿಗೆ ಫೋನ್ ಮಾಡಿದೆ. ಸ್ಟೋರ್‌ಕೀಪರ್ ನನ್ನ ದನಿ ಕೇಳಿದ ಕೂಡಲೇ, "ಸಾರ್, ಉತ್ತರ ಟೈಪ್ ಆಗ್ತಾ ಉಂಟು, ನಾಳೆ ಕಳಿಸ್ತೇನೆ" ಎಂದರು.

"ಉತ್ತರ ಆಮೇಲೆ ಕಳಿಸಿ. ಆ ದಿನ ಏನೋ ಹೇಳೋಕೆ ಬಂದ್ರಲ್ಲ, ಅದು ಏನು?"

ಆ ಕಡೆ ಮಾತೇ ಇಲ್ಲ. ಹಿಂದೆ ಲಾರಿಯೊಂದು ರಿವರ್ಸ್ ಹೋಗುವ ಸದ್ದು. ಆಮೇಲೆ ಮೆಲ್ಲಗೆ ಕೇಳಿದರು.

"ಸಾರ್, ನಿಮಗೆ ಟೈಮ್ ಉಂಟಾ?"